ರಾಕೆಟ್ ಹಾರಿತು, ರೀಲು ಕಪಾಟು ಸೇರಿತು

ಈ ಸಲ ನಾವು ಬರೆಯುತ್ತಿರುವುದು ಒಂದು ಸಂಗೀತದ ಕತೆ. ಅದರಲ್ಲಿ ಹಾಡುವವರಿಲ್ಲ, ಸಾಹಿತ್ಯವಿಲ್ಲ, ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ. ಇರುವುದು ಒಂದು ಯಂತ್ರ, ಅದಕ್ಕೆ ಸಿಕ್ಕಿಸಿದ ಒಂದಿಷ್ಟು ವೈರು, ಪಕ್ಕದಲ್ಲೊಂದು ಟೇಪ್ ರೆಕಾರ್ಡರ್, ಅಷ್ಟೇ. ಹೆಸರು ‘ಸ್ಪೇಸ್ ಲೈನರ್ 2001’. ಆಕಾಶದಲ್ಲಿ ಹೋಗುವ ಹಡಗು ಅಂತ ಅರ್ಥ ಮಾಡಿಕೊಳ್ಳಬಹುದು. ಮಾಡಿದವರು ಜಿನರಾಜ್ ಜೋಶಿಪುರ, ಆಗಿನ್ನೂ ಎಳೆ ವಯಸ್ಸಿನ ವಿದ್ಯಾರ್ಥಿ. ಊರು ಗುಜರಾತಿನ ಅಹಮದಾಬಾದ್. ಕಾಲ 1969ರಿಂದ 1972ರ ನಡುವೆ.

ಆದರೆ ಇದು ಡಿಸ್ಕ್ ಆಗಿ ಜನರ ಕೈಗೆ ಬಂದದ್ದು 2023ರಲ್ಲಿ. ಸುಮಾರು 50 ವರ್ಷ ಅದು ರೀಲಿನಲ್ಲೇ ಮಲಗಿತ್ತು.

ಮಲೆಬೆನ್ನೂರಿನಲ್ಲಿ ಕೂತು ಅಹಮದಾಬಾದಿನ ಹಳೇ ಟೇಪಿನ ಬಗ್ಗೆ ಬರೆಯೋದು ಯಾಕೆ ಅಂತ ಕೇಳುತ್ತೀರಿ. ಕಾರಣ ಇದೆ. ನಮ್ಮಲ್ಲಿ ಗಣೇಶನನ್ನು ಬಿಡುವ ದಿನ ಹತ್ತಿರ ಬಂದರೆ ಡಿಜೆಗೆ ಪರ್ಮಿಷನ್ ಇದೆಯೋ ಇಲ್ಲವೋ ಅನ್ನುವುದೇ ಕಟ್ಟೆ ಮೇಲಿನ ಮಾತು. ಹಿರಿಯರು ಎದೆ ಹಿಡಿದುಕೊಂಡು ಒಳಗೆ ಹೋಗುತ್ತಾರೆ, ಹುಡುಗರು ಟ್ರ್ಯಾಕ್ಟರ್ ಹಿಂದೆ ಕುಣಿಯುತ್ತಾರೆ. ಸದ್ದಿನ ಮಟ್ಟದ ಬಗ್ಗೆ ಹಿರಿಯರ ಪರ ನಾವೂ ಇದ್ದೇವೆ, ಅದು ಬೇರೆ ವಿಷಯ. ಆದರೆ ‘ಇದೆಲ್ಲ ಫಾರಿನ್ನಿಂದ ಬಂದ ಗಲಾಟೆ, ನಮ್ಮ ದೇಶದ್ದಲ್ಲ’ ಅನ್ನುವ ಮಾತಿದೆಯಲ್ಲ, ಅದು ಇತಿಹಾಸಕ್ಕೆ ಹೊಂದುವುದಿಲ್ಲ. ಯಂತ್ರದಿಂದ ಸಂಗೀತ ಹುಟ್ಟಿಸುವ ಕೆಲಸ ನಮ್ಮ ದೇಶದಲ್ಲಿ ರಾಕೆಟ್ ಕಟ್ಟುವ ಕೆಲಸದ ಜೊತೆಜೊತೆಗೇ, ಒಂದೇ ಮನೆತನದ ಕೈಯಲ್ಲಿ ನಡೆಯಿತು. ಎರಡರಲ್ಲಿ ಒಂದು ಉಳಿಯಿತು.

ಮೊದಲು ಒಂದು ಸಣ್ಣ ಪ್ರಶ್ನೆ ಮುಗಿಸಿಬಿಡೋಣ. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಗಾಳಿ ಇಲ್ಲದ ಕಡೆ ನಮ್ಮ ಕಿವಿಗೆ ಸದ್ದೂ ಇಲ್ಲ. ಹೈಸ್ಕೂಲಿನಲ್ಲಿ ಗಾಜಿನ ಜಾಡಿಯೊಳಗೆ ಗಂಟೆ ಇಟ್ಟು ಗಾಳಿ ತೆಗೆಯುವ ಪಾಠ ಎಲ್ಲರಿಗೂ ಆಗಿದೆ. ಹಾಗಿದ್ದರೆ ‘ಬಾಹ್ಯಾಕಾಶದ ಸಂಗೀತ’ ಅಂದರೆ ಏನು?

ಅದಕ್ಕೆ ದಾರಿ ಹಾಕಿದ್ದು ಸಿನಿಮಾ ಮತ್ತು ರೇಡಿಯೊ. 1956ರಲ್ಲಿ ಅಮೆರಿಕದಲ್ಲಿ ‘ಫರ್ಬಿಡನ್ ಪ್ಲಾನೆಟ್’ ಅಂತ ಒಂದು ಸಿನಿಮಾ ಬಂತು. ಅದರ ಹಿನ್ನೆಲೆ ಸದ್ದನ್ನು ಲೂಯಿಸ್ ಮತ್ತು ಬೀಬಿ ಬ್ಯಾರನ್ ಎಂಬ ಗಂಡ ಹೆಂಡತಿ ಪೂರ್ತಿ ವಿದ್ಯುತ್ ಸರ್ಕಿಟ್‌ಗಳಿಂದಲೇ ತಯಾರಿಸಿದ್ದರು. ಮರುವರ್ಷ, 1957ರ ಅಕ್ಟೋಬರ್ 4ರಂದು ಸೋವಿಯತ್ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಮನುಷ್ಯ ಮಾಡಿದ ಮೊದಲ ಉಪಗ್ರಹ ಭೂಮಿ ಸುತ್ತುತ್ತಾ ‘ಬೀಪ್ ಬೀಪ್’ ಎಂದು ರೇಡಿಯೊ ಸಂಕೇತ ಕಳಿಸಿತು. ಹ್ಯಾಮ್ ರೇಡಿಯೊ ಇಟ್ಟುಕೊಂಡವರು ಜಗತ್ತಿನ ಎಲ್ಲ ಕಡೆ ಅದನ್ನು ಕೇಳಿದರು. ಒಂದೇ ಸ್ವರ, ಒಂದೇ ಅಂತರ, ಬೇಸರವಿಲ್ಲದೆ ಮತ್ತೆ ಮತ್ತೆ. ಇವತ್ತಿನ ಟೆಕ್ನೋ ಅನ್ನುವ ಸಂಗೀತದ ಗುಣವೂ ಅದೇ ತಾನೆ? ಬಾಹ್ಯಾಕಾಶ ಅಂದರೆ ಯಂತ್ರದ ಸದ್ದು ಎಂಬುದು ಜನರ ಕಿವಿಯಲ್ಲಿ ಅಲ್ಲಿಗೆ ನಿಂತಿತು.

ಈಗ ಅಹಮದಾಬಾದಿಗೆ ಬರೋಣ. ಅಲ್ಲಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಅವರ ಮಕ್ಕಳು ಒಬ್ಬರಿಗಿಂತ ಒಬ್ಬರು. ವಿಕ್ರಮ್ ಸಾರಾಭಾಯಿ ನಮ್ಮ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹ. ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿಸಿದವರ ಮುಂದಾಳು ಇವರೇ. ಅವರ ಸಹೋದರ ಗೌತಮ್ ಮತ್ತು ಸಹೋದರಿ ಗಿರಾ ಸೇರಿ 1961ರಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯನ್ನು, ಅಂದರೆ ಎನ್‌ಐಡಿಯನ್ನು ಕಟ್ಟಿ ನಿಲ್ಲಿಸಿದರು. ಇನ್ನೊಬ್ಬ ಸಹೋದರಿ ಗೀತಾ ಸಾರಾಭಾಯಿ. ನಮ್ಮ ಕತೆಗೆ ಇವರೇ ಮುಖ್ಯ.

ಗೀತಾ ಪಖಾವಾಜ್ ನುಡಿಸುತ್ತಿದ್ದರು. ಹೆಂಗಸರು ಪಖಾವಾಜ್ ಮುಟ್ಟದಿದ್ದ ಕಾಲ ಅದು. 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಎಂಬ ಸಂಗೀತಗಾರನನ್ನು ಭೇಟಿಯಾದರು. ಆತ ಪಶ್ಚಿಮದ ಸಂಗೀತ ಕಲಿಸುವುದು, ಈಕೆ ನಮ್ಮ ಸಂಗೀತ ಕಲಿಸುವುದು, ಹೀಗೆ ಮುಯ್ಯಿಗೆ ಮುಯ್ಯಿ. ಸಂಗೀತ ಇರುವುದು ಯಾತಕ್ಕೆ ಎಂದು ಆತ ಕೇಳಿದಾಗ, ಮನಸ್ಸನ್ನು ಶಾಂತಗೊಳಿಸಿ ದೈವಕ್ಕೆ ತೆರೆಯುವುದಕ್ಕೆ ಎಂಬ ಅರ್ಥದ ಉತ್ತರ ಕೊಟ್ಟಿದ್ದರು. ತಮ್ಮ ಗುರುಗಳಿಂದ ಕೇಳಿದ್ದ ಮಾತು ಅದು. ಕೇಜ್ ಅದನ್ನು ಜೀವನಪೂರ್ತಿ ಹೇಳಿಕೊಂಡು ತಿರುಗಿದ. ಅಮೆರಿಕದ ಆಧುನಿಕ ಸಂಗೀತದಲ್ಲಿ ದೊಡ್ಡ ಹೆಸರು ಮಾಡಿದವನಿಗೆ ನಮ್ಮ ಹೆಣ್ಣುಮಗಳೊಬ್ಬಳು ಪಾಠ ಹೇಳಿದ್ದು ನಮ್ಮ ಯಾವ ಪಠ್ಯಪುಸ್ತಕದಲ್ಲೂ ನಾವು ಓದಲಿಲ್ಲ.

ಆ ಪರಿಚಯದ ಎಳೆ ಹಿಡಿದೇ 1969ರಲ್ಲಿ ಕೇಜ್‌ನ ಜೊತೆಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿಗೆ ಬಂದ. ಎನ್‌ಐಡಿಯಲ್ಲಿ ಒಂದು ಸ್ಟುಡಿಯೊ ತಯಾರಾಯಿತು. ಅದರ ನಡುವೆ ಮೂಗ್ ಸಿಂಥಸೈಜರ್. ರಾಬರ್ಟ್ ಮೂಗ್ ಎಂಬ ಎಂಜಿನಿಯರ್ 1964ರಲ್ಲಿ ತಯಾರಿಸಿದ ಮಾದರಿಯ ಯಂತ್ರ ಅದು. ಇವತ್ತು ನಾವು ನೋಡುವ ಕೀಬೋರ್ಡಿನ ಮುತ್ತಜ್ಜ ಅನ್ನಿ.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಮುಂದಿನ ಕತೆ ಅದರಲ್ಲೇ ಇದೆ. ಬೀರುವಿನಷ್ಟು ಅಗಲದ ಪೆಟ್ಟಿಗೆ. ಅದರ ಮುಖದ ತುಂಬ ತಿರುಗಿಸುವ ಗುಂಡಿ, ತೂತುಗಳು. ಒಂದು ಭಾಗ ವಿದ್ಯುತ್ತಿನಿಂದ ಸ್ವರ ಹುಟ್ಟಿಸುತ್ತದೆ. ಇನ್ನೊಂದು ಭಾಗ ಕಾಲುವೆಯ ತೂಬಿನ ಹಾಗೆ, ಎಷ್ಟು ಬೇಕೋ ಅಷ್ಟು ಸದ್ದನ್ನು ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ತೂಬನ್ನು ನಿಧಾನಕ್ಕೆ ಎತ್ತಿದರೆ ಮಂಕಾಗಿದ್ದ ಸ್ವರ ಹೊಳಪಾಗುತ್ತಾ ಬರುತ್ತದೆ. ಡಿಜೆ ಹಾಡಿನಲ್ಲಿ ಬೇಸ್ ಬೀಳುವ ಮುಂಚೆ ‘ವೂಊಊ’ ಅಂತ ಏರುತ್ತದಲ್ಲ, ಅದು ಇದೇ ತೂಬಿನ ಆಟ. ಯಾವ ಭಾಗದಿಂದ ಯಾವ ಭಾಗಕ್ಕೆ ಸದ್ದು ಹೋಗಬೇಕು ಅನ್ನುವುದನ್ನು ವೈರು ಸಿಕ್ಕಿಸಿ ಹೇಳಬೇಕು, ಹಳೇ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ. ಒಂದು ಸಲಕ್ಕೆ ಒಂದೇ ಸ್ವರ. ಮೆಮೊರಿ ಇಲ್ಲ. ವೈರು ಕಿತ್ತರೆ ಆ ಸದ್ದು ಹೋಯಿತು, ಅದೇ ಸದ್ದು ಮತ್ತೆ ಸಿಗುವುದು ಕಷ್ಟ. ಟೇಪಿನಲ್ಲಿ ಹಿಡಿದಿಟ್ಟರೆ ಮಾತ್ರ ಉಂಟು.

ಅಲ್ಲಿ ಕೆಲಸ ಮಾಡಿದವರು ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ ಮತ್ತು ಜಿನರಾಜ್ ಜೋಶಿಪುರ. ಮಾಥುರ್ ತಮ್ಮ ಒಂದು ತುಣುಕಿಗೆ ‘ಮೈ ಬರ್ಡ್ಸ್’ ಎಂದು ಹೆಸರಿಟ್ಟರು, ಇನ್ನೊಂದರ ಹೆಸರಲ್ಲಿ ತಂಬೂರಿ ಇದೆ. ಶರ್ಮಾ ಅವರದು ‘ಡಾನ್ಸ್ ಮ್ಯೂಸಿಕ್’. ಕುಣಿಯುವುದಕ್ಕೆ ಯಂತ್ರದ ತಾಳ, ನಮ್ಮ ದೇಶದಲ್ಲಿ, 50 ವರ್ಷದ ಹಿಂದೆ! ಕೇಳಿ ನೋಡಿ, ಡಿಜೆ ಹಾಡು ಕೇಳಿದ ಕಿವಿಗೆ ಅದು ಅಪರಿಚಿತ ಅನಿಸುವುದಿಲ್ಲ. ಜೋಶಿಪುರ ಅವರ ‘ಸ್ಪೇಸ್ ಲೈನರ್ 2001’ರಲ್ಲಿ ಮಾತ್ರ ಕುಣಿತವಿಲ್ಲ, ಪ್ರಯಾಣವಿದೆ. ಹೆಸರಿನಲ್ಲಿರುವ 2001 ಎಂಬ ಅಂಕಿ 1968ರಲ್ಲಿ ಬಂದ ಸ್ಟ್ಯಾನ್ಲಿ ಕುಬ್ರಿಕ್ ಅವರ ಬಾಹ್ಯಾಕಾಶದ ಸಿನಿಮಾವನ್ನು ನೆನಪಿಸುತ್ತದೆ. ನಮ್ಮ ನೆಲದಲ್ಲಿ ಹುಟ್ಟಿದ ಬಾಹ್ಯಾಕಾಶದ ಯಂತ್ರಸಂಗೀತದಲ್ಲಿ ನಾವು ಕೇಳಿದ ತೀರಾ ಹಳೆಯದು ಇದೇ.

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೂಗ್ ಬಂದ 1969ರಲ್ಲೇ, ಆಗಸ್ಟ್ 15ರಂದು ಇಸ್ರೋ ಹುಟ್ಟಿತು. ಅಣ್ಣನದು ರಾಕೆಟ್, ತಂಗಿಯದು ಸಿಂಥಸೈಜರ್. 1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯಿ ತೀರಿಕೊಂಡರು. ಆಮೇಲೆ ಇಸ್ರೋ ಹೊಣೆ ಸತೀಶ್ ಧವನ್ ಅವರಿಗೆ ಬಂತು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು, ಆ ಕೆಲಸ ಬಿಡಲಿಲ್ಲ. ಹಾಗಾಗಿ ಬಾಹ್ಯಾಕಾಶದ ಕಾರ್ಯಸ್ಥಾನ ಕನ್ನಡ ನಾಡಿಗೆ ಬಂತು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಉಡುಪಿ ಕಡೆಯ ಅದಮಾರಿನವರಾದ ಯು.ಆರ್. ರಾವ್ ಅವರ ತಂಡ ‘ಆರ್ಯಭಟ’ ಉಪಗ್ರಹ ಕಟ್ಟಿತು. 1975ರ ಏಪ್ರಿಲ್ 19ರಂದು ರಷ್ಯಾದ ರಾಕೆಟ್ ಅದನ್ನು ಹೊತ್ತೊಯ್ದಿತು. ಹಳೇ 2 ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ಇರುತ್ತಿತ್ತು, ಮನೆಯಲ್ಲಿ ಹಳೇ ನೋಟಿದ್ದರೆ ತಿರುಗಿಸಿ ನೋಡಿ.

ಅದೇ 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹ ಬಳಸಿ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅದರಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬಾಹ್ಯಾಕಾಶದಿಂದ ಕನ್ನಡದ ಹಳ್ಳಿಗೆ ನಿಜವಾಗಿ ಸದ್ದು ಇಳಿದದ್ದು ಹಾಗೆ. ಅದರಲ್ಲಿ ಬೇಸಾಯ, ಆರೋಗ್ಯ, ಶಾಲೆ ಪಾಠ ಇತ್ತು. ಅದೇ ಅಹಮದಾಬಾದಿನಲ್ಲಿ ತಯಾರಾದ ಆ ಸಂಗೀತಕ್ಕೆ ಮಾತ್ರ ಯಾವ ಉಪಗ್ರಹವೂ ಸಿಗಲಿಲ್ಲ. 1972ರ ಆಚೀಚೆಗೆ ಸ್ಟುಡಿಯೊದ ಕೆಲಸ ನಿಂತಿತ್ತು. ಎರಡು ಡಜನ್‌ಗೂ ಹೆಚ್ಚು ರೀಲುಗಳು ಸಂಸ್ಥೆಯ ಕಪಾಟು ಸೇರಿದವು.

ರಾಕೆಟ್ ದೇಶಕ್ಕೆ ಬೇಕಿತ್ತು, ಸಂಗೀತ ಬೇಕಿರಲಿಲ್ಲ ಎಂದು ಸುಮ್ಮನೆ ಹೇಳಿಬಿಡಬಹುದು. ನಮಗೆ ಹಾಗನಿಸುವುದಿಲ್ಲ. ರಾಕೆಟ್ ಕೆಲಸಕ್ಕೆ ಲೆಕ್ಕವಿತ್ತು, ಕಡತವಿತ್ತು, ಒಬ್ಬರು ಹೋದರೆ ಇನ್ನೊಬ್ಬರು ಮುಂದುವರಿಸುವ ವ್ಯವಸ್ಥೆ ಇತ್ತು. ಸಂಗೀತದ ಕೆಲಸ ನಾಲ್ಕೈದು ಜನರ ಹುಮ್ಮಸ್ಸಿನ ಮೇಲೆ ನಿಂತಿತ್ತು. ಅವರು ಬೇರೆ ಬೇರೆ ದಾರಿ ಹಿಡಿದಾಗ ಕೇಳುವವರಿಲ್ಲದೆ ಹೋಯಿತು. ಕೊನೆಗೆ ಅದನ್ನು ಹೊರಗೆ ತೆಗೆದವರು ಬ್ರಿಟನ್ನಿನ ಪಾಲ್ ಪರ್ಗಸ್ ಎಂಬ ಕಲಾವಿದ, ಅವರೂ ಯಂತ್ರಸಂಗೀತ ಮಾಡುವವರೇ. 2020ರಲ್ಲಿ ಬಿಬಿಸಿ ರೇಡಿಯೊದಲ್ಲಿ ಇದರ ಕತೆ ಹೇಳಿದರು, 2023ರಲ್ಲಿ ‘ದಿ ಎನ್‌ಐಡಿ ಟೇಪ್ಸ್’ ಹೊರಬಂತು.

ಇಂಥದ್ದೇ ಇನ್ನೊಂದು ಕತೆ ಮುಂಬೈಯದು. ಚರಣ್‌ಜಿತ್ ಸಿಂಗ್ ಹಿಂದಿ ಸಿನಿಮಾಗಳ ವಾದ್ಯಗಾರ. ಸಿಂಗಾಪುರದಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಯಂತ್ರಗಳನ್ನು ಕೊಂಡರು. ಡ್ರಮ್ಮಿಗೆ 808, ಬೇಸ್‌ಗೆ 303, ಸ್ವರಕ್ಕೆ ಜುಪಿಟರ್ 8. ಮನೆಯಲ್ಲಿ ಕೂತು ಭೈರವಿ ಮುಂತಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. 1982ರಲ್ಲಿ ಎಚ್‌ಎಂವಿ ರೆಕಾರ್ಡ್ ತಂದಿತು. ಯಾರೂ ಕೊಳ್ಳಲಿಲ್ಲ. ಇಪ್ಪತ್ತು ವರ್ಷದ ಮೇಲೆ ಹಾಲೆಂಡಿನ ಎಡೋ ಬೌಮನ್ ದೆಹಲಿಯ ಅಂಗಡಿಯೊಂದರಲ್ಲಿ ಆ ರೆಕಾರ್ಡ್ ಕಂಡು ಬೆಚ್ಚಿಬಿದ್ದರು. ಅಮೆರಿಕದ ಶಿಕಾಗೊ ಹುಡುಗರು ಅದೇ 303 ಯಂತ್ರದಿಂದ ‘ಆಸಿಡ್ ಹೌಸ್’ ಎಂಬ ಹೊಸ ಸಂಗೀತ ಕಂಡುಹಿಡಿದರು ಎಂದು ಜಗತ್ತು ನಂಬಿದ್ದು 1987ರ ರೆಕಾರ್ಡಿನಿಂದ. ಇಲ್ಲಿ ಅದಕ್ಕೆ 5 ವರ್ಷ ಮೊದಲೇ ಸರ್ದಾರ್‌ಜಿಯೊಬ್ಬರು ಅದೇ ಸದ್ದು ಮಾಡಿಟ್ಟಿದ್ದರು. 2010ರಲ್ಲಿ ಮರುಮುದ್ರಣವಾಯಿತು. ಎಪ್ಪತ್ತು ದಾಟಿದ ಚರಣ್‌ಜಿತ್ ಯುರೋಪಿನ ವೇದಿಕೆಗಳಲ್ಲಿ ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು. ಕೊನೆಗಾಲದಲ್ಲಾದರೂ ಚಪ್ಪಾಳೆ ಕಿವಿಗೆ ಬಿತ್ತಲ್ಲ ಅನ್ನುವ ಸಮಾಧಾನ.

ಟೆಕ್ನೋ ಎಂಬ ಹೆಸರು ಹುಟ್ಟಿದ ಊರಿನ ಕತೆ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ. ಅದು ಅಮೆರಿಕದ ಡೆಟ್ರಾಯಿಟ್, ಕಾರು ಕಾರ್ಖಾನೆಗಳ ಊರು. ಕಾರ್ಖಾನೆಗಳು ಸೊರಗಿ ಕೆಲಸ ಹೋಗುತ್ತಿದ್ದ ಕಾಲದಲ್ಲಿ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕಪ್ಪು ಹುಡುಗರು ಈ ಸಂಗೀತ ಕಟ್ಟಿದರು. ಆಟ್ಕಿನ್ಸ್ 1985ರಲ್ಲಿ ತಂದ ‘ನೋ ಯುಎಫ್‌ಒಸ್’ ಹೆಸರಲ್ಲೇ ಹಾರುವ ತಟ್ಟೆ ಇದೆ. ಆಮೇಲೆ ಅದೇ ಊರಿನ ಮೈಕ್ ಬ್ಯಾಂಕ್ಸ್, ಜೆಫ್ ಮಿಲ್ಸ್, ರಾಬರ್ಟ್ ಹುಡ್ 1992ರಲ್ಲಿ ಶನಿಗ್ರಹದ ಬಳೆಗಳ ಮೇಲೇ ಒಂದು ಇಡೀ ಆಲ್ಬಂ ಮಾಡಿದರು. ಇವರ ಗುಂಪಿನವರು ಮುಖಕ್ಕೆ ಮುಸುಕು ಹಾಕಿಕೊಂಡು ನುಡಿಸುತ್ತಿದ್ದರು, ದೊಡ್ಡ ಕಂಪನಿಗಳ ಹಂಗಿಗೆ ಬೀಳಲಿಲ್ಲ. ಇದಕ್ಕೇ ‘ಅಂಡರ್‌ಗ್ರೌಂಡ್’ ಸಂಗೀತ ಅನ್ನುವುದು. ಭೂಗತ ಎಂದು ಅನುವಾದಿಸಿದರೆ ಸಿನಿಮಾದ ಡಾನ್ ನೆನಪಾಗುತ್ತಾನೆ, ಅದಕ್ಕೇ ಹಾಗೇ ಬಿಟ್ಟಿದ್ದೇವೆ. ಕೆಲಸವಿಲ್ಲದ ಊರಿನ ಹುಡುಗರು ಶನಿಗ್ರಹದ ಬಗ್ಗೆ ಯಾಕೆ ಹಾಡು ಕಟ್ಟಿದರು? ಇದ್ದ ನೆಲದಲ್ಲಿ ಜಾಗ ಸಿಗದವರು ಆಕಾಶ ನೋಡುತ್ತಾರೆ ಎಂಬುದು ನಮ್ಮ ಊಹೆ.

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು, ಹತ್ತಿ ಗಿರಣಿಗಳ ಸೈರನ್ನಿಗೆ ಊರು ಏಳುತ್ತಿತ್ತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಷೀನು ತಯಾರಿಸುತ್ತಿತ್ತು. ಗಿರಣಿಗಳೂ ಮುಚ್ಚಿದವು, ಲೇತ್ ಕಾರ್ಖಾನೆಯೂ ಮುಚ್ಚಿತು. ನಮ್ಮಲ್ಲೂ ಯಂತ್ರದ ತಾಳ ಕೇಳಿ ಬೆಳೆದ ಮಕ್ಕಳಿದ್ದರು, ಕೆಲಸ ಹೋದ ಮನೆಗಳಿದ್ದವು. ಆದರೂ ಇಲ್ಲಿ ಡೆಟ್ರಾಯಿಟ್ ಆಗಲಿಲ್ಲ. ಅಲ್ಲಿ ಮಾರಾಟವಾಗದ ಜಪಾನಿ ಯಂತ್ರಗಳು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಬಿದ್ದಿದ್ದವು, ಬಡ ಹುಡುಗರ ಕೈಗೆ ಸಿಕ್ಕವು. ಇಲ್ಲಿ ಅದೇ ಯಂತ್ರಕ್ಕೆ ಆಮದು ಸುಂಕ ಕಟ್ಟುವಷ್ಟು ದುಡ್ಡು ಯಾವ ಗಿರಣಿ ಕಾರ್ಮಿಕನ ಮಗನ ಬಳಿಯೂ ಇರಲಿಲ್ಲ.

ನಮ್ಮ ಹಳ್ಳಿಗೆ ಯಂತ್ರದ ಸಂಗೀತ ಬಂದ ದಾರಿ ಬೇರೆ. ಒಂದು ದಾರಿ ಭಜನೆಯದು. ಬೆಂಗಳೂರಿನಲ್ಲಿ ವಿಮಾನ ತಯಾರಿಸುವ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ತಯಾರಿಸಲು ಹೊರಟರು. ಅವರ ರಾಡೆಲ್ ಪೆಟ್ಟಿಗೆ ಇವತ್ತು ಎಷ್ಟೋ ಭಜನಾ ಮಂಡಳಿಗಳಲ್ಲಿದೆ. ಸ್ವಿಚ್ ಹಾಕಿದರೆ ಮುಗಿಯದ ಒಂದೇ ಶ್ರುತಿ. ಡಿಜೆ ಕಂಡರೆ ಆಗದ ನಮ್ಮ ಭಜನೆ ಅಜ್ಜಂದಿರು ದಿನಾ ಸಂಜೆ ಎಲೆಕ್ಟ್ರಾನಿಕ್ ಸಂಗೀತವನ್ನೇ ಮುಂದಿಟ್ಟುಕೊಂಡು ಕೂರುತ್ತಾರೆ ಎಂದರೆ ಅವರು ಬೈದಾರು.

ಇನ್ನೊಂದು ದಾರಿ ಸಿನಿಮಾ ಮತ್ತು ರಸಮಂಜರಿಯದು. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಹಂಸಲೇಖ ಅವರ ಹಾಡುಗಳ ಕ್ಯಾಸೆಟ್ಟು ಓಣಿ ಓಣಿಯಲ್ಲಿ ಓಡಿತು, ಅದರ ಜೊತೆ ಸಿಂಥಸೈಜರ್ ಸದ್ದೂ ಮನೆಯೊಳಗೆ ಬಂತು. ಅದನ್ನು ಜಾತ್ರೆಯ, ರಾಜ್ಯೋತ್ಸವದ ಸ್ಟೇಜಿನಲ್ಲಿ ನುಡಿಸಬೇಕಾದರೆ ಆರ್ಕೆಸ್ಟ್ರಾದವರು ಕೀಬೋರ್ಡು, ರಿದಂ ಪ್ಯಾಡು ಕೊಳ್ಳಲೇಬೇಕಾಯಿತು. ಆಮೇಲೆ ಕಂಪ್ಯೂಟರ್ ಬಂತು, ಈಗ ಮೊಬೈಲ್. ಮಲೆಬೆನ್ನೂರು ಸುತ್ತಿನ ಹಳ್ಳಿಗಳಲ್ಲೂ ಭತ್ತದ ಗದ್ದೆ ಕೆಲಸ ಮುಗಿಸಿ ರಾತ್ರಿ ಮೊಬೈಲಿನಲ್ಲಿ ಡೊಳ್ಳಿನ ಪೆಟ್ಟಿಗೆ ಬೇಸ್ ಸೇರಿಸಿ ಮಿಕ್ಸ್ ಮಾಡುವ ಹುಡುಗರಿದ್ದಾರೆ. ಮುಖ ತೋರಿಸುವುದಿಲ್ಲ, ಅಡ್ಡಹೆಸರಲ್ಲಿ ಬಿಡುತ್ತಾರೆ, ಹಣವೂ ಬರುವುದಿಲ್ಲ. ಅಂಡರ್‌ಗ್ರೌಂಡ್ ಅಂದರೆ ಇನ್ನೇನು? ಆದರೆ ಇದೆಲ್ಲ ಇರುವುದು ಒಂದು ಫೋನಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ. ಫೋನು ನಾಲೆಗೆ ಬಿದ್ದರೆ ಮುಗಿಯಿತು. ಮೂಗ್ ಯಂತ್ರದ ವೈರು ಕಿತ್ತ ಹಾಗೆ.

ಹಿಡಿದಿಡುವುದು ಅಂದರೆ ಹೇಗಿರುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಇದೆ. 1977ರಲ್ಲಿ ಅಮೆರಿಕದ ನಾಸಾ ಎರಡು ವಾಯೇಜರ್ ನೌಕೆಗಳನ್ನು ಕಳಿಸಿತು. ಎರಡರಲ್ಲೂ ತಾಮ್ರಕ್ಕೆ ಚಿನ್ನದ ಲೇಪ ಕೊಟ್ಟ ಒಂದೊಂದು ಗ್ರಾಮಫೋನ್ ತಟ್ಟೆ. ಅದನ್ನು ನುಡಿಸುವುದು ಹೇಗೆ ಎಂಬ ಚಿತ್ರವನ್ನೂ ಮುಚ್ಚಳದ ಮೇಲೆ ಕೊರೆದಿದ್ದಾರೆ. ಗೋವಾ ಮೂಲದ ಕೇಸರ್‌ಬಾಯಿ ಕೇರ್ಕರ್ ಹಾಡಿದ ಭೈರವಿ ಅದರಲ್ಲಿದೆ. ನೌಕೆ ಹೊರಟ ಕೆಲವೇ ದಿನಕ್ಕೆ, ಅದೇ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. 55 ಭಾಷೆಗಳ ಶುಭಾಶಯಗಳೂ ಇವೆ, ಅವುಗಳಲ್ಲಿ ಕನ್ನಡವೂ ಒಂದು. ಶ್ರೀನಿವಾಸ ಕೆ. ಉಪಾಧ್ಯಾಯ ಎಂಬುವರ ದನಿ, ಕನ್ನಡಿಗರ ಪರವಾಗಿ ನಮಸ್ಕಾರ ಹೇಳುವ ಕೆಲವೇ ಸೆಕೆಂಡಿನ ಮಾತು. ವಾಯೇಜರ್ 1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಅಷ್ಟು ದೂರದಲ್ಲಿ ಒಂದು ಕನ್ನಡ ದನಿ ಭದ್ರವಾಗಿದೆ, ಯಾರದ್ದು ಎಂಬ ಹೆಸರಿನ ಸಮೇತ. 1990ರ ದಶಕದಲ್ಲಿ ನಮ್ಮೂರ ಜಾತ್ರೆಯಲ್ಲಿ ಕೀಬೋರ್ಡ್ ನುಡಿಸಿದವರು ಯಾರು ಎಂದು ಕೇಳಿದರೆ ನಾಲ್ಕು ಜನ ನಾಲ್ಕು ಹೆಸರು ಹೇಳುತ್ತಾರೆ.

ಈ ಭಾಗದ ರಸಮಂಜರಿ ತಂಡಗಳ, ಕೀಬೋರ್ಡ್ ನುಡಿಸುತ್ತಿದ್ದವರ, ಮೊದಲ ಸೌಂಡ್ ಸಿಸ್ಟಂ ತಂದವರ ಬಗ್ಗೆ ನಾವು ಮುಂದೆ ಬರೆಯುವವರಿದ್ದೇವೆ. ನಿಮ್ಮ ಅಟ್ಟದಲ್ಲಿ ಹಳೇ ರೆಕಾರ್ಡಿಂಗ್ ಕ್ಯಾಸೆಟ್ ಇದ್ದರೆ ತಿಳಿಸಿ. ನಾಲೆ ಸೀಮೆಯ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಬಿಳಿ ಪುಡಿ ಕಂಡರೆ ಪ್ಲೇಯರಿಗೆ ಹಾಕಬೇಡಿ, ಟೇಪು ಹರಿಯುತ್ತದೆ, ಹೆಡ್ಡೂ ಕೆಡುತ್ತದೆ. ಬಿಸಿಲಿಗೂ ಒಣಗಿಸಬೇಡಿ. ಸದ್ಯಕ್ಕೆ ಒಣಗಿದ ಡಬ್ಬಿಯಲ್ಲಿ ನಿಲ್ಲಿಸಿಡಿ, ಮೇಲೊಂದು ಚೀಟಿ ಅಂಟಿಸಿ, ಯಾವ ಊರು, ಯಾವ ವರ್ಷ, ನುಡಿಸಿದವರು ಯಾರು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ.